ಕಿಡ್ನಿ ರೋಗಿಯ ತಟ್ಟೆಯಲ್ಲಿ ಹಣ್ಣು: ಯಾವುದು, ಎಷ್ಟು, ಯಾವಾಗ



ವಾರ್ಷಿಕ ವರದಿ ಎಂದರೆ ಬರೀ ಜಮಾ-ಖರ್ಚಿನ ಪಟ್ಟಿ ಆಗಬಾರದು, ಮನೆಮಂದಿ ಕೂತು ಓದುವಂಥ ಒಂದೆರಡು ಉಪಯುಕ್ತ ಲೇಖನಗಳೂ ಇರಬೇಕು ಎಂಬುದು ನಮ್ಮ ಟ್ರಸ್ಟಿನ ಹಿರಿಯರ ಅಭಿಪ್ರಾಯ. ಈ ಸಲ ಆ ಕೆಲಸವನ್ನು ನನಗೆ ಒಪ್ಪಿಸಿದ್ದಾರೆ. ನಾನು ವೈದ್ಯನಲ್ಲ. ಸರಕಾರಿ ಶಾಲೆಯಲ್ಲಿ ವಿಜ್ಞಾನ ಮತ್ತು ಗಣಿತ ಕಲಿಸಿ ನಿವೃತ್ತನಾದ ಮಾಸ್ತರ. ಆದರೆ ಇಲ್ಲಿ ಬರೆಯುತ್ತಿರುವ ವಿಷಯವನ್ನು ಪುಸ್ತಕದಿಂದ ಕಲಿತದ್ದಕ್ಕಿಂತ ಹೆಚ್ಚಾಗಿ ಮನೆಯಲ್ಲಿ ಪೆಟ್ಟು ತಿಂದು ಕಲಿತಿದ್ದೇನೆ.

ವಿದ್ಯಾರ್ಥಿವೇತನದ ಅರ್ಜಿಗಳನ್ನು ಪರಿಶೀಲಿಸುವ ಸಮಿತಿಯಲ್ಲಿ ನಾನೂ ಇದ್ದೇನೆ. ಅರ್ಜಿಯಲ್ಲಿ "ತಂದೆಯ ಉದ್ಯೋಗ" ಎಂಬ ಒಂದು ಕಾಲಂ ಇದೆ. ಕೂಲಿ, ದರ್ಜಿ, ಚಾಲಕ, ಕಿರಾಣಿ ಅಂಗಡಿ ಎಂದು ಮಕ್ಕಳು ತುಂಬುತ್ತಾರೆ. ಒಬ್ಬ ಹುಡುಗಿ ಆ ಕಾಲಂನಲ್ಲಿ "ಕೆಲಸ ಇಲ್ಲ, ಡಯಾಲಿಸಿಸ್" ಎಂದು ಬರೆದಿದ್ದಳು. ಅದನ್ನು ಓದಿದ ದಿನವೇ ಈ ಲೇಖನ ಬರೆಯಬೇಕೆಂದು ನಿರ್ಧರಿಸಿದೆ. ನಮ್ಮ ಮಂಠಾಳ ಭಾಗದಲ್ಲಿ ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ ಇಲ್ಲದ ಓಣಿ ಇಲ್ಲ. ಕಿಡ್ನಿ ಕೆಡಲು ಮುಖ್ಯ ಕಾರಣಗಳು ಇವೆರಡೇ. ಬೀದರ, ಕಲಬುರಗಿ, ಸೊಲ್ಲಾಪುರ, ಹೈದರಾಬಾದ ಕಡೆಗೆ ಬೆಳಗಿನ ಬಸ್ಸು ಹಿಡಿಯುವವರಲ್ಲಿ ಡಯಾಲಿಸಿಸ್‌ಗೆ ಹೋಗುವವರನ್ನು ನೀವೂ ನೋಡಿರುತ್ತೀರಿ.

ನಮ್ಮ ಮನೆಯಲ್ಲಿ ನಡೆದದ್ದು

ನನ್ನ ಅಣ್ಣ ದರ್ಜಿ ಕೆಲಸ ಮಾಡಿಕೊಂಡಿದ್ದವರು. ನಾವೆಲ್ಲ ಅವರನ್ನು ಭಾಯಿಜಾನ್ ಎನ್ನುತ್ತೇವೆ. ಇಪ್ಪತ್ತು ವರ್ಷ ಸಕ್ಕರೆ ಕಾಯಿಲೆ ಇತ್ತು. ಕೊನೆಗೆ ಎರಡೂ ಕಿಡ್ನಿ ಕೈಕೊಟ್ಟು, ವಾರಕ್ಕೆ ಎರಡು ಸಲ, ಸೋಮವಾರ ಮತ್ತು ಗುರುವಾರ, ಡಯಾಲಿಸಿಸ್ ಶುರುವಾಯಿತು. ಆಸ್ಪತ್ರೆಯಲ್ಲಿ ಉಪ್ಪು ಕಡಿಮೆ ಮಾಡಿ, ನೀರು ಅಳೆದು ಕುಡಿಯಿರಿ ಎಂದಿದ್ದರು. ಹಣ್ಣಿನ ಮಾತೂ ಹೇಳಿದ್ದರೋ ಏನೋ, ಆ ಗಡಿಬಿಡಿಯಲ್ಲಿ ನಮ್ಮ ತಲೆಗೆ ಹೋಗಿರಲಿಲ್ಲ.

ರಂಜಾನ್ ತಿಂಗಳ ಒಂದು ಭಾನುವಾರ. ಭಾಯಿಜಾನ್ ರೋಜಾ ಇರಲಿಲ್ಲ. ಆದರೆ ಇಫ್ತಾರಿಗೆ ಎಲ್ಲರ ಜೊತೆ ದಸ್ತರಖಾನಿಗೆ ಕೂಡುತ್ತಿದ್ದರು. ಆ ದಿನ ಐದು ಖರ್ಜೂರ, ಒಂದು ಬಾಳೆಹಣ್ಣು, ಒಂದು ಪೇರಲ ತಿಂದರು. ಬಿಸಿಲಿಗೆ ಸೊರಗಿದ್ದಾರೆ, ತಂಪಾಗಲಿ ಎಂದು ನಾನೇ ಬಸವಕಲ್ಯಾಣದಿಂದ ಎಳನೀರು ತಂದಿದ್ದೆ. ಅದನ್ನೂ ಒಂದು ಲೋಟ ಕುಡಿದರು. ಗುರುವಾರ ಆದ ಡಯಾಲಿಸಿಸ್‌ಗೆ ಆಗಲೇ ಮೂರು ದಿನ ಕಳೆದಿತ್ತು.

ಸೆಹ್ರಿ ಹೊತ್ತಿಗೆ ಭಾಬಿ ಬಂದು ಬಾಗಿಲು ಬಡಿದರು. ಭಾಯಿಜಾನ್‌ಗೆ ಹಾಸಿಗೆಯಿಂದ ಏಳಲು ಕಾಲಲ್ಲಿ ಬಲವೇ ಇರಲಿಲ್ಲ. ಎದೆ ಒಮ್ಮೆ ಹೊಡೆದುಕೊಳ್ಳುತ್ತದೆ, ಒಮ್ಮೆ ನಿಂತಂತಾಗುತ್ತದೆ ಎಂದರು. ಜೀಪಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ದೆವು. ರಕ್ತದಲ್ಲಿ ಪೊಟ್ಯಾಷಿಯಂ 7.4 ಇತ್ತು. ಇಸಿಜಿ ನೋಡಿದ ವೈದ್ಯರು ಒಂದು ಮಾತೂ ಆಡದೆ ಮೊದಲು ಕ್ಯಾಲ್ಸಿಯಂ ಇಂಜೆಕ್ಷನ್ ಕೊಟ್ಟರು, ಆಮೇಲೆ ಗ್ಲೂಕೋಸ್ ಜೊತೆ ಇನ್ಸುಲಿನ್, ಆಮೇಲೆ ತುರ್ತು ಡಯಾಲಿಸಿಸ್. ಎಲ್ಲ ಮುಗಿದ ಮೇಲೆ ನನ್ನನ್ನು ಕರೆದು, "ನಿನ್ನೆ ಏನು ತಿಂದರು?" ಎಂದು ಕೇಳಿದರು. ಹೇಳಿದೆ. "ಎಳನೀರು ಯಾರು ತಂದದ್ದು?" ಎಂದರು. ನಾನು ತಲೆ ತಗ್ಗಿಸಿದೆ. ಮೂವತ್ತು ವರ್ಷ ವಿಜ್ಞಾನ ಕಲಿಸಿದವನು ನಾನು.

ಪೊಟ್ಯಾಷಿಯಂ ಎಂದರೇನು

ಪೊಟ್ಯಾಷಿಯಂ ವಿಷವಲ್ಲ. ಅದಿಲ್ಲದೆ ಸ್ನಾಯು ಕುಗ್ಗಿ ಹಿಗ್ಗುವುದಿಲ್ಲ, ಹೃದಯ ಬಡಿಯುವುದಿಲ್ಲ. ಹಣ್ಣು, ತರಕಾರಿ, ಬೇಳೆ, ಹಾಲು, ಮಾಂಸ ಎಲ್ಲದರಲ್ಲೂ ಇದೆ. ನಾವು ತಿಂದದ್ದರಲ್ಲಿ ದೇಹಕ್ಕೆ ಬೇಕಾದಷ್ಟು ಉಳಿದು, ಮಿಕ್ಕಿದ್ದು ಹೊರಗೆ ಹೋಗಬೇಕು. ಹಾಗೆ ಹೊರಗೆ ಹೋಗುವುದರಲ್ಲಿ ಸುಮಾರು ಶೇಕಡಾ 90ರಷ್ಟನ್ನು ಮೂತ್ರದ ಮೂಲಕ ಕಳಿಸುವುದು ಕಿಡ್ನಿ. ಉಳಿದದ್ದು ಹೆಚ್ಚಾಗಿ ಮಲದಲ್ಲಿ ಹೋಗುತ್ತದೆ.

ಆರೋಗ್ಯವಂತರ ರಕ್ತದಲ್ಲಿ ಪೊಟ್ಯಾಷಿಯಂ ಪ್ರಮಾಣ ಸಾಮಾನ್ಯವಾಗಿ 3.5ರಿಂದ 5ರವರೆಗೆ ಇರುತ್ತದೆ. ಲ್ಯಾಬಿನ ಚೀಟಿಯಲ್ಲಿ ಇದೇ ಅಂಕಿ ಇರುತ್ತದೆ. 5.5 ದಾಟಿದರೆ ಎಚ್ಚರಿಕೆ, 6 ದಾಟಿದರೆ ಅಪಾಯ, ಅದಕ್ಕೂ ಮೇಲೆ ಹೋದರೆ ಹೃದಯದ ಬಡಿತದ ತಾಳ ತಪ್ಪಿ, ನಿಂತೇ ಹೋಗಬಹುದು. ಇದರಲ್ಲಿ ಮೋಸವೇನೆಂದರೆ ಎಷ್ಟೋ ಜನರಿಗೆ ಮುಂಚಿತವಾಗಿ ಯಾವ ಸೂಚನೆಯೂ ಕಾಣುವುದಿಲ್ಲ. ಕಾಲು-ತೋಳುಗಳಲ್ಲಿ ಬಲವಿಲ್ಲದಂತಾಗುವುದು, ಜುಮುಜುಮು, ಎದೆಬಡಿತ ಏರುಪೇರಾಗುವುದು ಕಂಡರೆ ಬೆಳಗಾಗಲಿ ಎಂದು ಕಾಯಬಾರದು.

ಪೊಟ್ಯಾಷಿಯಂ ಏರಲು ಹಣ್ಣೊಂದೇ ಕಾರಣವಲ್ಲ. ಬಿಪಿಗೆ ಕೊಡುವ ಟೆಲ್ಮಿಸಾರ್ಟನ್, ಲೋಸಾರ್ಟನ್, ರಾಮಿಪ್ರಿಲ್, ಎನಲಾಪ್ರಿಲ್, ನೀರು ಇಳಿಸಲು ಕೊಡುವ ಸ್ಪೈರೊನೊಲ್ಯಾಕ್ಟೋನ್ ಎಂಬ ಮಾತ್ರೆಗಳು ಪೊಟ್ಯಾಷಿಯಂ ಏರಿಸಬಲ್ಲವು. ಹಾಗೆಂದು ನಾವೇ ಅವನ್ನು ನಿಲ್ಲಿಸಬಾರದು. ಅವುಗಳಲ್ಲಿ ಕೆಲವು ಕಿಡ್ನಿಯನ್ನು ಕಾಯುವುದಕ್ಕೆಂದೇ ಕೊಟ್ಟವು. ಮೈಕೈ ನೋವಿಗೆಂದು ಅಂಗಡಿಯಲ್ಲಿ ಕೇಳಿ ತರುವ ಡೈಕ್ಲೊಫೆನಾಕ್, ಐಬುಪ್ರೊಫೆನ್‌ನಂಥ ಗುಳಿಗೆಗಳು ಕಿಡ್ನಿಯನ್ನೂ ಕೆಡಿಸುತ್ತವೆ, ಪೊಟ್ಯಾಷಿಯಂ ಕೂಡ ಏರಿಸುತ್ತವೆ. ಹತೋಟಿ ತಪ್ಪಿದ ಸಕ್ಕರೆ, ರಕ್ತದಲ್ಲಿ ಆಮ್ಲ ಹೆಚ್ಚುವುದು, ಮಲಬದ್ಧತೆ ಇವೂ ಕಾರಣ. ಆದ್ದರಿಂದ ಚೀಟಿಯಲ್ಲಿ ಅಂಕಿ ಏರಿದ್ದರೆ ಬರೀ ಹಣ್ಣಿನ ಮೇಲೆ ತಪ್ಪು ಹೊರಿಸದೆ, ಎಲ್ಲ ಮಾತ್ರೆಗಳನ್ನೂ ಚೀಲದಲ್ಲಿ ಹಾಕಿಕೊಂಡು ವೈದ್ಯರ ಮುಂದೆ ಇಡಬೇಕು.

ಇಫ್ತಾರಿನ ಲೆಕ್ಕ

ಗಣಿತದ ಮಾಸ್ತರನಾದ ನಾನು ಆ ಸಂಜೆಯ ಲೆಕ್ಕವನ್ನು ಆಮೇಲೆ ಕೂತು ಮಾಡಿದೆ. ಅಂಕಿಗಳು ಅಂದಾಜಿನವು.

ಸಣ್ಣ ಖರ್ಜೂರ ಐದು: ಒಂದಕ್ಕೆ 50 ಮಿಲಿಗ್ರಾಂನಂತೆ 250.
ಮಧ್ಯಮ ಗಾತ್ರದ ಬಾಳೆಹಣ್ಣು ಒಂದು: 400.
ಪೇರಲ ಒಂದು, ಸುಮಾರು 100 ಗ್ರಾಂ: 400.
ಎಳನೀರು ಒಂದು ಲೋಟ, ಸುಮಾರು 240 ಮಿಲಿಲೀಟರ್: 600.
ಒಟ್ಟು: 1650 ಮಿಲಿಗ್ರಾಂ.

ಪೊಟ್ಯಾಷಿಯಂ ಏರುವ ರೋಗಿಗಳಿಗೆ ಇಡೀ ದಿನದ ಎಲ್ಲ ಆಹಾರ ಸೇರಿ 2000ದಿಂದ 2500 ಮಿಲಿಗ್ರಾಂ ಒಳಗಿರಲಿ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಭಾಯಿಜಾನ್ ಅದರ ಮುಕ್ಕಾಲು ಪಾಲನ್ನು ಕಾಲು ಗಂಟೆಯಲ್ಲಿ ಹೊಟ್ಟೆಗೆ ಹಾಕಿಕೊಂಡಿದ್ದರು. ಮಧ್ಯಾಹ್ನದ ಬೇಳೆ, ರಾತ್ರಿಯ ಆಲೂಗಡ್ಡೆ-ಟೊಮೆಟೊ ಸಾಲನ್ ಇದರಲ್ಲಿ ಸೇರಿಲ್ಲ. ಆರೋಗ್ಯವಂತನ ಕಿಡ್ನಿ ಇದನ್ನು ರಾತ್ರಿಯೊಳಗೆ ಹೊರಗೆ ಹಾಕುತ್ತಿತ್ತು. ಭಾಯಿಜಾನ್‌ಗೆ ಹೊರಗೆ ಹಾಕುವ ದಾರಿ ಡಯಾಲಿಸಿಸ್ ಯಂತ್ರ ಮಾತ್ರ, ಅದು ಸೋಮವಾರ ಬೆಳಿಗ್ಗೆಯ ತನಕ ಇರಲಿಲ್ಲ. ಎರಡು ಡಯಾಲಿಸಿಸ್ ನಡುವಿನ ದೊಡ್ಡ ಬಿಡುವಿನ ಕೊನೆಯ ದಿನವೇ ಹೆಚ್ಚು ಅಪಾಯದ ದಿನ ಎಂಬುದನ್ನು ಎಲ್ಲ ಮನೆಯವರೂ ನೆನಪಿಡಬೇಕು.

ಎರಡನೆಯ ತಪ್ಪು: ಎಲ್ಲ ಹಣ್ಣನ್ನೂ ಬಿಟ್ಟದ್ದು

ಅಲ್ಲಾಹನ ದಯೆಯಿಂದ ಭಾಯಿಜಾನ್ ಉಳಿದರು. ಆದರೆ ಹೆದರಿದ ನಾವು ಮನೆಗೆ ಹಣ್ಣು ತರುವುದನ್ನೇ ಬಿಟ್ಟೆವು. ಮೊಮ್ಮಕ್ಕಳು ಸೇಬು ತಿಂದರೂ ಅವರ ಕಣ್ಣಿಗೆ ಬೀಳದಂತೆ ಒಳಗೆ ತಿನ್ನಬೇಕಾಯಿತು. ಒಂದು ವರ್ಷ ಹೀಗೇ ನಡೆಯಿತು. ಬಾಯಿಗೆ ರುಚಿ ಹೋಯಿತು, ಊಟ ಕಡಿಮೆಯಾಯಿತು, ತೂಕ ಇಳಿಯಿತು. ಮಲಬದ್ಧತೆ ಹತ್ತಿತು. ಪೊಟ್ಯಾಷಿಯಂ ಮಾತ್ರ ಅಂದುಕೊಂಡಷ್ಟು ಇಳಿಯಲಿಲ್ಲ.

ಆಗ ಒಬ್ಬ ಆಹಾರ ತಜ್ಞೆ ನಮಗೆ ಬುದ್ಧಿ ಹೇಳಿದರು. ಕಿಡ್ನಿ ಕೆಲಸ ಮಾಡದಿದ್ದಾಗ ಕರುಳು ತನ್ನ ಪಾಲಿನ ಪೊಟ್ಯಾಷಿಯಂ ಅನ್ನು ಹೆಚ್ಚು ಹೊರಗೆ ಹಾಕಲು ನೋಡುತ್ತದೆ. ಮಲ ಕಟ್ಟಿದರೆ ಆ ದಾರಿಯೂ ಮುಚ್ಚುತ್ತದೆ. ಹಣ್ಣಿನ ನಾರು ಆ ದಾರಿಯನ್ನು ತೆರೆದಿಡುತ್ತದೆ. "ಹಣ್ಣು ಶತ್ರುವಲ್ಲ ಸರ್, ಲೆಕ್ಕವಿಲ್ಲದೆ ತಿನ್ನುವುದು ಶತ್ರು" ಎಂದರು. ಅಂದಿನಿಂದ ಭಾಯಿಜಾನ್‌ಗೆ ದಿನಕ್ಕೊಂದು ಸಣ್ಣ ಸೇಬು, ಅಥವಾ ಅದಕ್ಕೆ ಸಮನಾದ ಬೇರೆ ಹಣ್ಣು ಗೊತ್ತಾಯಿತು.

ಇದು ಆ ತಜ್ಞೆಯೊಬ್ಬರ ಮಾತಲ್ಲ. ಮೊದಲು ಎಲ್ಲ ಕಿಡ್ನಿ ರೋಗಿಗಳಿಗೂ ಒಂದೇ ನಿಷೇಧದ ಪಟ್ಟಿ ಕೊಡುತ್ತಿದ್ದರು. ಈಗ ಹಾಗಿಲ್ಲ. ಅಮೆರಿಕದ ರಾಷ್ಟ್ರೀಯ ಕಿಡ್ನಿ ಪ್ರತಿಷ್ಠಾನ 2020ರಲ್ಲಿ ಹೊರಡಿಸಿದ ಆಹಾರ ಮಾರ್ಗಸೂಚಿ, ರೋಗಿಯ ರಕ್ತದ ಪೊಟ್ಯಾಷಿಯಂ ನೋಡಿ ಅದಕ್ಕೆ ತಕ್ಕಂತೆ ಆಹಾರ ಹೊಂದಿಸಿ ಎನ್ನುತ್ತದೆ. ಟೆಕ್ಸಾಸ್‌ನ ವೈದ್ಯರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಿಡ್ನಿ ರೋಗದ ನಾಲ್ಕನೆಯ ಹಂತದಲ್ಲಿದ್ದವರಿಗೂ ಹಣ್ಣು-ತರಕಾರಿಯಿಂದ ರಕ್ತದ ಆಮ್ಲೀಯತೆ ಕಡಿಮೆಯಾದದ್ದು ಕಂಡಿದೆ. ಆದರೆ ಪೊಟ್ಯಾಷಿಯಂ ಏರುವ ಸಂಭವ ಕಡಿಮೆ ಇದ್ದವರನ್ನೇ ಅವರು ಆರಿಸಿಕೊಂಡಿದ್ದರು ಎಂಬುದನ್ನು ಮರೆಯಬಾರದು.

ಯಾರಿಗೆ ಎಷ್ಟು ಕಟ್ಟುನಿಟ್ಟು

ಮೂರು ತಿಂಗಳಿಗಿಂತ ಹೆಚ್ಚು ಕಾಲ ಕಿಡ್ನಿಗೆ ಹಾನಿ ಇದ್ದರೆ ಅಥವಾ ಅದರ ಕೆಲಸ ಕಡಿಮೆಯಾಗಿದ್ದರೆ ಅದನ್ನು ದೀರ್ಘಕಾಲದ ಕಿಡ್ನಿ ರೋಗ ಎನ್ನುತ್ತಾರೆ. ಅದರ ಹಂತಗಳನ್ನು ಜಿಎಫ್ಆರ್ ಎಂಬ ಅಂಕಿಯಿಂದ ಅಳೆಯುತ್ತಾರೆ. 90ಕ್ಕಿಂತ ಮೇಲಿದ್ದರೆ ಒಂದನೆಯ ಹಂತ, 60ರಿಂದ 89 ಎರಡನೆಯದು, 30ರಿಂದ 59 ಮೂರನೆಯದು, 15ರಿಂದ 29 ನಾಲ್ಕನೆಯದು, 15ಕ್ಕಿಂತ ಕೆಳಗೆ ಐದನೆಯದು. ಬರೀ ಕ್ರಿಯಾಟಿನಿನ್ ಅಂಕಿ ನೋಡಿ ಸುಮ್ಮನಾಗದೆ, ವೈದ್ಯರನ್ನು "ಜಿಎಫ್ಆರ್ ಎಷ್ಟು, ಪೊಟ್ಯಾಷಿಯಂ ಎಷ್ಟು?" ಎಂದು ಎರಡು ಪ್ರಶ್ನೆ ಕೇಳಬೇಕು.

ಮೊದಲೆರಡು ಹಂತಗಳಲ್ಲಿದ್ದು, ಪೊಟ್ಯಾಷಿಯಂ ಸರಿಯಿದ್ದವರು ಸಾಮಾನ್ಯವಾಗಿ ಹಣ್ಣು ಬಿಡಬೇಕಾಗಿಲ್ಲ. ಸಕ್ಕರೆ ಕಾಯಿಲೆಯ ಮಿತಿ ಪಾಲಿಸಿದರೆ ಸಾಕು. ಮೂರನೆಯ ಹಂತದಿಂದ ಮುಂದೆ ರಕ್ತ ಪರೀಕ್ಷೆ ನೋಡಿ ನಿರ್ಧರಿಸಬೇಕು. ನಾಲ್ಕು ಮತ್ತು ಐದನೆಯ ಹಂತದವರಿಗೆ, ಡಯಾಲಿಸಿಸ್‌ನಲ್ಲಿ ಇರುವವರಿಗೆ ಲೆಕ್ಕ ಬೇಕೇ ಬೇಕು. ಪಕ್ಕದ ಮನೆಯ ರೋಗಿಗೆ ಕೊಟ್ಟ ಪಟ್ಟಿ ನಿಮ್ಮ ಮನೆಯ ರೋಗಿಗೆ ಆಗುವುದಿಲ್ಲ.

ನಮ್ಮ ಸಂತೆಯ ಹಣ್ಣುಗಳು

ಕೆಳಗಿನದು 100 ಗ್ರಾಂ ತಿನ್ನುವ ಭಾಗದಲ್ಲಿ ಸುಮಾರಾಗಿ ಎಷ್ಟು ಮಿಲಿಗ್ರಾಂ ಪೊಟ್ಯಾಷಿಯಂ ಇದೆ ಎಂಬ ಪಟ್ಟಿ. ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕದ ಅಂಕಿಗಳನ್ನು ಸರಳಗೊಳಿಸಿ ಕೊಟ್ಟಿದ್ದೇನೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯೂ 2017ರಲ್ಲಿ ಭಾರತೀಯ ಆಹಾರಗಳ ಕೋಷ್ಟಕ ಪ್ರಕಟಿಸಿದೆ. ತಳಿ, ಮಣ್ಣು, ಹಣ್ಣಾದ ಹದ ಇವುಗಳಿಗೆ ತಕ್ಕಂತೆ ಅಂಕಿಗಳು ಹೆಚ್ಚು ಕಡಿಮೆ ಆಗುತ್ತವೆ.

ಕಡಿಮೆ ಇರುವವು: ನೇರಳೆ 80, ಸೇಬು 105, ಅನಾನಸ್ 110, ಕಲ್ಲಂಗಡಿ 110, ಪೇರು ಹಣ್ಣು ಅಂದರೆ ನಾಶಪಾತಿ 115.

ನಡುವಿನವು: ಮಾವು 170, ಕಿತ್ತಳೆ 180, ಪಪ್ಪಾಯಿ 180, ದ್ರಾಕ್ಷಿ 190, ಚಿಕ್ಕು 190.

ಹೆಚ್ಚು ಇರುವವು: ದಾಳಿಂಬೆ 235, ಸೀತಾಫಲ 250, ಖರಬೂಜ 265, ಬಾಳೆಹಣ್ಣು 360, ಪೇರಲ 415, ಹಲಸು 450.

ಬಹಳ ಹೆಚ್ಚು ಇರುವವು: ಹುಣಸೆ 630, ಖರ್ಜೂರ 650ರಿಂದ 700, ಒಣ ಅಂಜೂರ 680, ಒಣದ್ರಾಕ್ಷಿ 750, ಒಣ ಜರ್ದಾಳು 1160.

ಈ ಪಟ್ಟಿಯನ್ನು ಓದುವಾಗ ಒಂದು ಎಚ್ಚರಿಕೆ ಬೇಕು. ಅಂಕಿ 100 ಗ್ರಾಂಗೆ ಸಂಬಂಧಿಸಿದ್ದು, ನಾವು ತಿನ್ನುವುದು 100 ಗ್ರಾಂ ಅಲ್ಲ. ಕಲ್ಲಂಗಡಿ ಕಡಿಮೆ ಪಟ್ಟಿಯಲ್ಲಿದೆ. ಆದರೆ ಬೇಸಿಗೆಯಲ್ಲಿ ಅರ್ಧ ಕಿಲೋ ತಿರುಳು ತಿಂದರೆ 550 ಮಿಲಿಗ್ರಾಂ ಆಯಿತು, ಜೊತೆಗೆ ಅದರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರೇ. ನೀರು ಅಳೆದು ಕುಡಿಯುವ ರೋಗಿಗೆ ಅದೂ ಲೆಕ್ಕಕ್ಕೆ ಬರುತ್ತದೆ. ಇನ್ನೊಂದು ಕಡೆ, ಖರ್ಜೂರ ಬಹಳ ಹೆಚ್ಚಿನ ಪಟ್ಟಿಯಲ್ಲಿದೆ. ಆದರೆ ಒಂದು ಸಣ್ಣ ಖರ್ಜೂರದಲ್ಲಿ 50 ಮಿಲಿಗ್ರಾಂ ಮಾತ್ರ. ವೈದ್ಯರು ಒಪ್ಪಿದರೆ ಇಫ್ತಾರಿಗೆ ಒಂದು ಖರ್ಜೂರದ ಆಸೆ ತೀರಿಸಿಕೊಳ್ಳಬಹುದು. ದೊಡ್ಡ ಮೆಡ್ಜೂಲ್ ಖರ್ಜೂರ ಒಂದರಲ್ಲೇ 160ಕ್ಕಿಂತ ಹೆಚ್ಚು ಇರುತ್ತದೆ, ಅದನ್ನು ಒಂದು ಎಂದು ಎಣಿಸಬಾರದು.

ಹುಮನಾಬಾದದಿಂದ ಕಲಬುರಗಿಗೆ ಹೋಗುವ ದಾರಿಯಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣು ಸಿಗುತ್ತದೆ. ಭೌಗೋಳಿಕ ಗುರುತು ಪಡೆದ, ನಮ್ಮ ಭಾಗಕ್ಕೆ ಹೆಸರು ತಂದ ಹಣ್ಣು ಅದು. ಆಸ್ಪತ್ರೆಯಿಂದ ಬರುವಾಗ ಕೈಯಲ್ಲಿ ಒಂದು ಗೊನೆ ಹಿಡಿದು ಬರುವುದು ರೂಢಿ. ಮನೆಯ ಮಕ್ಕಳಿಗೆ ತನ್ನಿ. ರೋಗಿಗೆ ಬೇಡ. ದೀಪಾವಳಿ ಹೊತ್ತಿಗೆ ಬುಟ್ಟಿ ಬುಟ್ಟಿ ಬರುವ ಸೀತಾಫಲವೂ ಹಾಗೆಯೇ. ಒಂದು ಇಡೀ ಹಣ್ಣಿನ ತಿರುಳು 350 ಮಿಲಿಗ್ರಾಂ ದಾಟಬಹುದು. ಹಣ್ಣಿನಲ್ಲಿ ನಾಲ್ಕಾರು ತೊಳೆ ಬಾಯಿಗೆ ಹಾಕಿಕೊಂಡು ಉಳಿದದ್ದನ್ನು ಮೊಮ್ಮಕ್ಕಳಿಗೆ ಕೊಡುವುದನ್ನು ಭಾಯಿಜಾನ್ ಕಲಿತಿದ್ದಾರೆ.

ತಿನ್ನುವ ಕ್ರಮ

ಒಂದು, ಒಂದು ಹೊತ್ತಿಗೆ ಒಂದೇ ಹಣ್ಣು, ಒಂದೇ ಪಾಲು. ಪಾಲು ಎಂದರೆ ಒಂದು ಸಣ್ಣ ಸೇಬು, ಅಥವಾ ಅನಾನಸ್ ಎರಡು ತೆಳು ಬಿಲ್ಲೆ, ಅಥವಾ ಪಪ್ಪಾಯಿಯ ನಾಲ್ಕೈದು ಸಣ್ಣ ತುಂಡು, ಅಥವಾ ಹತ್ತು ದ್ರಾಕ್ಷಿ. ದಿನಕ್ಕೆ ಒಂದೋ ಎರಡೋ ಎಂಬುದನ್ನು ವೈದ್ಯರೇ ಹೇಳಬೇಕು.

ಎರಡು, ರಸ ಬೇಡ, ಹಣ್ಣೇ ಇರಲಿ. ಒಂದು ಲೋಟ ಕಿತ್ತಳೆ ರಸಕ್ಕೆ ಮೂರು ನಾಲ್ಕು ಹಣ್ಣು ಹೋಗುತ್ತವೆ. ನಾರು ಸಿಪ್ಪೆಯ ಜೊತೆ ಹೋಗುತ್ತದೆ, ಸುಮಾರು 500 ಮಿಲಿಗ್ರಾಂ ಪೊಟ್ಯಾಷಿಯಂ ಲೋಟದಲ್ಲಿ ಉಳಿಯುತ್ತದೆ. ಮೋಸಂಬಿ, ದಾಳಿಂಬೆ ರಸಕ್ಕೂ ಇದೇ ಮಾತು.

ಮೂರು, ಹಣ್ಣಿನ ಚಾಟ್ ಬೇಡ. ಇಫ್ತಾರಿನ ಚಾಟ್‌ನಲ್ಲಿ ಬಾಳೆ, ಪೇರಲ, ದಾಳಿಂಬೆ, ಖರಬೂಜ ಸೇರಿರುತ್ತವೆ. ಎಷ್ಟು ತಿಂದೆವು ಎಂಬ ಲೆಕ್ಕ ಸಿಗುವುದಿಲ್ಲ. ಮೇಲೆ ಉದುರಿಸುವ ಚಾಟ್ ಮಸಾಲೆಯಲ್ಲಿ ಉಪ್ಪು ಬೇರೆ.

ನಾಲ್ಕು, ಹಣ್ಣು ತಿನ್ನುವ ದಿನ ಊಟದಲ್ಲಿ ಹೊಂದಿಸಿಕೊಳ್ಳಬೇಕು. ಆಲೂಗಡ್ಡೆಯನ್ನು ಸಿಪ್ಪೆ ತೆಗೆದು, ಸಣ್ಣಗೆ ಹೆಚ್ಚಿ, ಹೆಚ್ಚು ನೀರಿನಲ್ಲಿ ಕುದಿಸಿ ಆ ನೀರು ಚೆಲ್ಲಿದರೆ ಪೊಟ್ಯಾಷಿಯಂ ಸಾಕಷ್ಟು ಇಳಿಯುತ್ತದೆ. ಹಸಿ ಹಣ್ಣಿಗೆ ಈ ಉಪಾಯ ನಡೆಯುವುದಿಲ್ಲ, ಅದಕ್ಕೆ ಪಾಲು ಕಡಿಮೆ ಮಾಡುವುದೊಂದೇ ದಾರಿ.

ಐದು, ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ದಿಢೀರ್ ಇಳಿದು ಬೆವರಿ ನಡುಗಿದಾಗ ಹಣ್ಣಿನ ರಸ ಕುಡಿಸುವುದು ರೂಢಿ. ಕಿಡ್ನಿ ಕೆಟ್ಟವರಿಗೆ ಅದರ ಬದಲು ಮೂರು ಚಹಾ ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯನ್ನು ಸ್ವಲ್ಪ ನೀರಿನಲ್ಲಿ ಕದಡಿ ಕೊಡಬೇಕು.

ಆರು, "ಕಡಿಮೆ ಸೋಡಿಯಂ" ಎಂದು ಮಾರುವ ಉಪ್ಪು ಬೇಡ. ಅದರಲ್ಲಿ ಸೋಡಿಯಂ ಬದಲಿಗೆ ಪೊಟ್ಯಾಷಿಯಂ ಕ್ಲೋರೈಡ್ ಹಾಕಿರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಇಂಥ ಉಪ್ಪಿನ ಬಗ್ಗೆ ಮಾರ್ಗಸೂಚಿ ಹೊರಡಿಸಿದಾಗಲೂ ಕಿಡ್ನಿ ತೊಂದರೆ ಇರುವವರನ್ನು ಅದರಿಂದ ಹೊರಗಿಟ್ಟಿದೆ. ಇದನ್ನು ಆರೋಗ್ಯಕ್ಕೆ ಒಳ್ಳೆಯದೆಂದು ದುಬಾರಿ ಬೆಲೆ ಕೊಟ್ಟು ರೋಗಿಗೇ ತರುವವರನ್ನು ನಾನು ನೋಡಿದ್ದೇನೆ.

ಒಂದು ತುಂಡೂ ತಿನ್ನಬಾರದ ಹಣ್ಣು

ಇಲ್ಲಿಯವರೆಗೆ ಹೇಳಿದ್ದೆಲ್ಲ ಎಷ್ಟು ತಿನ್ನಬೇಕೆಂಬ ಮಾತು. ಒಂದು ಹಣ್ಣಿನ ವಿಷಯದಲ್ಲಿ ಮಾತ್ರ ಪ್ರಮಾಣದ ಮಾತೇ ಇಲ್ಲ. ಅಡ್ಡ ಕೊಯ್ದರೆ ನಕ್ಷತ್ರದಂತೆ ಕಾಣುವ ಕಮರಾಕ್ಷಿ, ಉರ್ದುವಿನಲ್ಲಿ ಕಮ್ರಖ್ ಎನ್ನುವುದು, ಮಲೆನಾಡು-ಕರಾವಳಿ ಕಡೆ ಧಾರೆಹುಳಿ ಎನ್ನುವುದು. ನಮ್ಮ ಕಡೆ ಅಪರೂಪ, ಆದರೆ ಹೈದರಾಬಾದ, ಬೆಂಗಳೂರಿನಿಂದ ಬರುವ ಮಕ್ಕಳು ಹೊಸ ಹಣ್ಣೆಂದು ತರಬಹುದು.

ಇದರಲ್ಲಿ ಪೊಟ್ಯಾಷಿಯಂ ಹೆಚ್ಚಿಲ್ಲ. ಆದರೆ ನರಗಳಿಗೆ ವಿಷವಾಗುವ ಒಂದು ವಸ್ತು ಇದೆ. ಬ್ರೆಜಿಲ್‌ನ ಸಾವೊ ಪಾಲೊ ವಿಶ್ವವಿದ್ಯಾಲಯದ ವಿಜ್ಞಾನಿಗಳು 2013ರಲ್ಲಿ ಅದನ್ನು ಗುರುತಿಸಿ ಕ್ಯಾರಂಬಾಕ್ಸಿನ್ ಎಂದು ಹೆಸರಿಟ್ಟರು. ಕಿಡ್ನಿ ಸರಿಯಿದ್ದವರಲ್ಲಿ ಅದು ಹೊರಗೆ ಹೋಗುತ್ತದೆ. ಕಿಡ್ನಿ ಕೆಟ್ಟವರಲ್ಲಿ ಉಳಿದು ಮಿದುಳಿಗೆ ಏರುತ್ತದೆ. ಮೊದಲು ನಿಲ್ಲದ ಬಿಕ್ಕಳಿಕೆ, ವಾಂತಿ, ಆಮೇಲೆ ಗೊಂದಲದ ಮಾತು, ಫಿಟ್ಸ್, ಕೆಲವರಲ್ಲಿ ಸಾವು. ಒಂದೇ ಹಣ್ಣು ತಿಂದು ಹೀಗಾದವರಿದ್ದಾರೆ. ತಿಳಿಯದೆ ತಿಂದು ಬಿಕ್ಕಳಿಕೆ ಹತ್ತಿದರೆ ಕೂಡಲೇ ಡಯಾಲಿಸಿಸ್ ಇರುವ ಆಸ್ಪತ್ರೆಗೆ ಹೋಗಿ, "ಈ ಹಣ್ಣು ತಿಂದಿದ್ದಾರೆ" ಎಂದು ಹೆಸರು ಹೇಳಬೇಕು.

ಇದೇ ಜಾತಿಯ ಇನ್ನೊಂದು ಹುಳಿ ಕಾಯಿ ಬಿಂಬುಳಿ. ಅದರ ರಸ ಕುಡಿದರೆ ಕೊಲೆಸ್ಟ್ರಾಲ್ ಇಳಿಯುತ್ತದೆ ಎಂದು ನಂಬಿ ಕುಡಿದ ಹತ್ತು ಮಂದಿಯ ಕಿಡ್ನಿಗೆ ಹಠಾತ್ ಪೆಟ್ಟು ಬಿದ್ದದ್ದನ್ನು ಕೇರಳದ ವೈದ್ಯರು 2013ರಲ್ಲಿ ದಾಖಲಿಸಿದ್ದಾರೆ. ಕಾರಣ ಅದರಲ್ಲಿರುವ ಆಕ್ಸಲೇಟ್. "ಕಿಡ್ನಿ ತೊಳೆಯುವ" ರಸ, ಕಷಾಯ ಎಂದು ಮೊಬೈಲಿನಲ್ಲಿ ಬರುವ ಯಾವುದನ್ನೂ ಕುಡಿಯುವ ಮುನ್ನ ಈ ಹತ್ತು ಮಂದಿಯನ್ನು ನೆನೆಯಿರಿ.

ಕಿಡ್ನಿ ಬದಲಾಯಿಸಿಕೊಂಡವರಿಗೆ ಇನ್ನೊಂದು ಮಾತು. ಚಕ್ಕೋತ ಮತ್ತು ಗ್ರೇಪ್‌ಫ್ರೂಟ್, ಟ್ಯಾಕ್ರೊಲಿಮಸ್, ಸೈಕ್ಲೊಸ್ಪೊರಿನ್ ಮಾತ್ರೆಗಳ ಪ್ರಮಾಣವನ್ನು ರಕ್ತದಲ್ಲಿ ಏರಿಸುತ್ತವೆ. ಅವನ್ನು ಮುಟ್ಟಬಾರದು. ರಸ್ತೆಬದಿಯಲ್ಲಿ ಕೊಯ್ದಿಟ್ಟ ಹಣ್ಣೂ ಅವರಿಗೆ ಬೇಡ, ಸೋಂಕು ತಡೆಯುವ ಶಕ್ತಿ ಅವರಲ್ಲಿ ಕಡಿಮೆ ಇರುತ್ತದೆ.

ರೋಜಾ ಇಡುವ ಪ್ರಶ್ನೆ

ರೋಗಿಗೆ ರೋಜಾದಿಂದ ವಿನಾಯಿತಿ ಇದೆ ಎಂಬುದು ನಮಗೆಲ್ಲ ಗೊತ್ತು. ಆದರೂ ಹಿರಿಯರು ಹಟ ಹಿಡಿಯುತ್ತಾರೆ. ದಿನವಿಡೀ ನೀರಿಲ್ಲದೆ ಇದ್ದು ಸಂಜೆ ಒಮ್ಮೆಲೇ ಖರ್ಜೂರ, ಹಣ್ಣು, ಶರಬತ್ತು ತೆಗೆದುಕೊಳ್ಳುವುದು ಕೆಟ್ಟ ಕಿಡ್ನಿಗೆ ಎರಡು ಕಡೆಯಿಂದಲೂ ಪೆಟ್ಟು. ರಂಜಾನ್ ಶುರುವಾಗುವ ಒಂದೆರಡು ತಿಂಗಳ ಮೊದಲೇ ವೈದ್ಯರನ್ನು ಕೇಳಿ, ಅವರು ಬೇಡ ಎಂದರೆ ಫಿದ್ಯಾ ವಿಷಯವಾಗಿ ಮೌಲಾನಾ ಸಾಹೇಬರನ್ನು ಕೇಳಿ. ಹಿರಿಯರ ಮನಸ್ಸಿಗೆ ಮಗನ ಮಾತಿಗಿಂತ ಮೌಲಾನಾರ ಮಾತು ಬೇಗ ತಟ್ಟುತ್ತದೆ.

ದಾನಿಗಳಲ್ಲಿ ಒಂದು ವಿನಂತಿ

ರೋಗಿಯನ್ನು ನೋಡಲು ಹೋಗುವುದು ದೊಡ್ಡ ಸವಾಬಿನ ಕೆಲಸ. ಬರಿಗೈಯಲ್ಲಿ ಹೋಗಬಾರದೆಂದು ಎಳನೀರು, ಬಾಳೆಹಣ್ಣು, ಖರ್ಜೂರದ ಡಬ್ಬಿ, ಒಣಹಣ್ಣು ಒಯ್ಯುತ್ತೇವೆ. ಕಿಡ್ನಿ ರೋಗಿಯ ಮಂಚದ ಪಕ್ಕದಲ್ಲಿ ಈ ನಾಲ್ಕೂ ಇರಬಾರದು. ಹಣ್ಣೇ ಒಯ್ಯಬೇಕೆಂದರೆ ನಾಲ್ಕು ಸೇಬು ಒಯ್ಯಿರಿ. ಅದಕ್ಕಿಂತ ಒಳ್ಳೆಯದು, ಆ ಹಣವನ್ನು ಬಸ್ ಚಾರ್ಜಿಗೆಂದು ಮನೆಯವರ ಕೈಗೆ ಕೊಡಿ. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಲ್ಲಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ಡಯಾಲಿಸಿಸ್ ಉಚಿತ. ಆದರೆ ಹೋಗಿ ಬರುವ ಖರ್ಚು, ಜೊತೆಗೆ ಹೋದವರ ಕೂಲಿ ತಪ್ಪುವ ನಷ್ಟ ಇದ್ದೇ ಇರುತ್ತದೆ. ರಂಜಾನ್ ಕಿಟ್‌ಗಳನ್ನು ಹಂಚುವಾಗಲೂ ಕಿಡ್ನಿ ರೋಗಿ ಇರುವ ಮನೆಗೆ ಖರ್ಜೂರದ ಬದಲು ಅಕ್ಕಿ, ಎಣ್ಣೆ ಹೆಚ್ಚಿಸಿ ಕೊಡೋಣ ಎಂದು ನಾನು ಟ್ರಸ್ಟಿನ ಸಭೆಯಲ್ಲಿ ಕೇಳಿಕೊಂಡಿದ್ದೇನೆ.

ಮಕ್ಕಳಿಗೆ ಒಂದು ಕೆಲಸ

ವಿದ್ಯಾರ್ಥಿವೇತನ ಪಡೆಯುವ ಮಕ್ಕಳೇ, ನಿಮ್ಮ ಮನೆಯಲ್ಲಿ ಅಜ್ಜ, ಅಜ್ಜಿ, ತಂದೆ, ತಾಯಿ ಯಾರಿಗಾದರೂ ಕಿಡ್ನಿ ತೊಂದರೆ ಇದ್ದರೆ ನಿಮಗೆ ಒಂದು ಮನೆಗೆಲಸ ಕೊಡುತ್ತೇನೆ. ಅವರ ಲ್ಯಾಬಿನ ಚೀಟಿಗಳನ್ನೆಲ್ಲ ತಾರೀಖಿನ ಪ್ರಕಾರ ಒಂದು ಫೈಲಿನಲ್ಲಿ ಜೋಡಿಸಿ. ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ಜಿಎಫ್ಆರ್, ಪೊಟ್ಯಾಷಿಯಂ ಎಂದು ಮೂರು ಗೆರೆ ಎಳೆದು ತುಂಬಿ. ವೈದ್ಯರು ಒಪ್ಪಿದ ಹಣ್ಣುಗಳ ಹೆಸರನ್ನು ಮನೆಯವರಿಗೆ ಓದಲು ಬರುವ ಭಾಷೆಯಲ್ಲಿ, ಕನ್ನಡವೋ ಉರ್ದುವೋ ಮರಾಠಿಯೋ, ದೊಡ್ಡ ಅಕ್ಷರದಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿ. ಓದಲು ಬಾರದವರಿದ್ದರೆ ಚಿತ್ರ ಬರೆಯಿರಿ. ಮನೆಯಲ್ಲಿ ಸಕ್ಕರೆ ಅಥವಾ ಬಿಪಿ ಇರುವ ಬೇರೆ ಯಾರಾದರೂ ಇದ್ದರೆ ವರ್ಷಕ್ಕೊಮ್ಮೆ ಅವರ ರಕ್ತ ಮತ್ತು ಮೂತ್ರ ಪರೀಕ್ಷೆ ಮಾಡಿಸಲು ನೀವೇ ನೆನಪು ಮಾಡಿ. ಪ್ರತಿ ವರ್ಷ ಮಾರ್ಚ್ ತಿಂಗಳ ಎರಡನೆಯ ಗುರುವಾರ ವಿಶ್ವ ಕಿಡ್ನಿ ದಿನ. ಆ ದಿನವನ್ನೇ ಗುರುತು ಇಟ್ಟುಕೊಳ್ಳಬಹುದು.

"ಕೆಲಸ ಇಲ್ಲ, ಡಯಾಲಿಸಿಸ್" ಎಂದು ಬರೆದ ಹುಡುಗಿಯನ್ನು ಸಂದರ್ಶನದಲ್ಲಿ ಮಾತಾಡಿಸಿದಾಗ, ತಂದೆಯ ಜೊತೆ ಆಸ್ಪತ್ರೆಗೆ ಹೋಗುವವಳು ತಾನೇ, ಅದಕ್ಕೇ ವಾರಕ್ಕೆ ಎರಡು ದಿನ ಕಾಲೇಜು ತಪ್ಪುತ್ತದೆ ಎಂದಳು. ತಂದೆಯ ಪೊಟ್ಯಾಷಿಯಂ ಎಷ್ಟು ಎಂದು ಕೇಳಿದೆ. ಚೀಟಿ ನೋಡದೆ ಹೇಳಿದಳು. ಸಮಿತಿಯಲ್ಲಿ ಅವಳ ಅರ್ಜಿಯ ಮೇಲೆ ಚರ್ಚೆ ಬೇಕಾಗಲಿಲ್ಲ.

ಭಾಯಿಜಾನ್ ಈಗಲೂ ಸೋಮವಾರ, ಗುರುವಾರ ಹೋಗಿ ಬರುತ್ತಾರೆ. ಕಳೆದ ರಂಜಾನಿನಲ್ಲಿ ದಸ್ತರಖಾನಿಗೆ ಕೂತು ಒಂದು ಸಣ್ಣ ಖರ್ಜೂರ, ಅರ್ಧ ಸೇಬು ತಿಂದರು. ಸೇಬನ್ನು ಕೊಯ್ದು ಕೊಟ್ಟವನು ನಾನು.

ಈ ಲೇಖನ ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ನಿಮ್ಮ ಮನೆಯ ರೋಗಿಗೆ ಯಾವ ಹಣ್ಣು, ಎಷ್ಟು ಎಂಬುದನ್ನು ಅವರನ್ನು ನೋಡುವ ವೈದ್ಯರೇ ಹೇಳಬೇಕು. ವಿದ್ಯಾರ್ಥಿವೇತನದ ಅರ್ಜಿ ನಮೂನೆ ಈ ವರದಿಯ ಕೊನೆಯ ಪುಟಗಳಲ್ಲಿದೆ. ಮನೆಯಲ್ಲಿ ದೀರ್ಘಕಾಲದ ರೋಗಿ ಇದ್ದರೆ ಅದನ್ನು ಅರ್ಜಿಯಲ್ಲಿ ಮುಚ್ಚಿಡದೆ ಬರೆಯಿರಿ. ಅದು ನಾಚಿಕೆಯ ವಿಷಯವಲ್ಲ, ಸಮಿತಿಗೆ ತಿಳಿಯಬೇಕಾದ ವಿಷಯ.